ಅನುರಾಧಾ ಕೇಳಿದ ಪಾಲು

ತೆಲುಗು ಸೀಮೆಯ ಗಡಿಯಲ್ಲಿರುವ ಮಕ್ತಲ್‌ನ ಹನುಮಮ್ಮನಿಗೆ ಮೂರು ಭಾಷೆ ಬರುತ್ತಿದ್ದವು. ಯಾವುದನ್ನು ಎಲ್ಲಿ ಆಡಬೇಕು ಎಂಬ ವಿಷಯದಲ್ಲಿ ಆಕೆ ಬಹಳ ಕಟ್ಟುನಿಟ್ಟು. ಸಂತೆಯಲ್ಲಿ ತೆಲುಗು. ತಹಸೀಲು ಕಚೇರಿಯಲ್ಲಿ ದರಖಾಸ್ತು, ತಕರಾರು, ಮಂಜೂರಿ ಎಂದು ಉರ್ದು ಬೆರೆಸಿದ ಗಟ್ಟಿ ದನಿಯ ಮಾತು. ಹೊಸ್ತಿಲು ದಾಟಿ ಮನೆಯೊಳಗೆ ಬಂದರೆ ಕನ್ನಡ. ಬೀರಪ್ಪನಿಗೂ ಕನ್ನಡದಲ್ಲಿ ಬೇಡಿಕೊಂಡರೇ ಬೇಗ ಕೇಳಿಸುತ್ತದೆ ಎಂದು ಆಕೆ ನಂಬಿದ್ದಳು. ಆ ದೇವರಿಗೆ ತೆಲುಗಿನ ಭಕ್ತರೂ ಬೇಕಾದಷ್ಟಿದ್ದಾರಲ್ಲ ಎಂದು ಯಾರಾದರೂ ಕೆಣಕಿದರೆ, ಇದ್ದಾರೆ, ಅವರದು ಸ್ವಲ್ಪ ತಡವಾಗಿ ಮುಟ್ಟುತ್ತದೆ ಎನ್ನುತ್ತಿದ್ದಳು.

ಗಂಡ ಆಶಪ್ಪ ತೀರಿಕೊಂಡ ಮೇಲೆ ಮನೆಗೆ ಆಕೆಯೇ ಯಜಮಾನಿ. ದೊಡ್ಡ ಮಗ ಹನುಮಂತು ಕುರಿ, ಹೊಲ ನೋಡಿಕೊಳ್ಳುವವನು. ಅವನ ಹೆಂಡತಿ ಪೋಚಮ್ಮ ಅಡುಗೆಮನೆ ಆಳುವವಳು. ಚಿಕ್ಕ ಮಗ ನರೇಂದ್ರನದು ಬಸ್‌ಸ್ಟ್ಯಾಂಡಿನ ಹತ್ತಿರ ಮೋಟಾರು ರಿಪೇರಿಯ ಅಂಗಡಿ. ಆ ಓಣಿಯಲ್ಲಿ ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವ ಮನೆ ಇದೊಂದೇ ಉಳಿದಿತ್ತು. ಉಳಿದವರೆಲ್ಲ ಪಡಸಾಲೆಗೆ ಅಡ್ಡಗೋಡೆ ಎಬ್ಬಿಸಿ ಒಂದು ಬಾಗಿಲಿಗೆ ಎರಡು ಬಾಗಿಲು ಮಾಡಿಕೊಂಡಿದ್ದರು. ಹನುಮಮ್ಮನಿಗೆ ಸೊಕ್ಕು ಎಂಬುದೇನಾದರೂ ಇದ್ದರೆ ಅದು ಆ ಒಂದು ಒಲೆಯದು. ತಾನು ಕಣ್ಣು ಮುಚ್ಚುವ ತನಕ ಮನೆ ಒಡೆಯಬಾರದು, ಆಕೆಗೆ ಬೇಕಾಗಿದ್ದದ್ದು ಅಷ್ಟೇ.

ನರೇಂದ್ರನಿಗೆ ಗದ್ವಾಲದ ಕಡೆಯಿಂದ ಹೆಣ್ಣು ತಂದರು. ಅವರೂ ಕುರಿ ಕಾಯುವ ಮನೆತನದವರೇ, ಬೀರಪ್ಪನ ಒಕ್ಕಲೇ. ಮನೆಮಾತು ಮಾತ್ರ ತೆಲುಗು. ಹುಡುಗಿ ಅನುರಾಧಾ, ಡಿಗ್ರಿಯಲ್ಲಿ ಕಂಪ್ಯೂಟರ್ ಓದಿದವಳು. ಹನುಮಮ್ಮ ಹಾಕಿದ ಷರತ್ತು ಒಂದೇ, ಮನೆಯೊಳಗೆ ಕನ್ನಡ ಆಡಬೇಕು. ಹುಡುಗಿ ಒಪ್ಪಿಕೊಂಡಳು, ಬಂದ ಮಾರನೆಯ ದಿನದಿಂದಲೇ ಶುರುಮಾಡಿಬಿಟ್ಟಳು. ಕ್ರಿಯಾಪದ ಕನ್ನಡದ್ದು, ಉಳಿದದ್ದು ನಾಲಿಗೆಗೆ ಯಾವುದು ಮೊದಲು ಬರುತ್ತದೋ ಅದು. ನೀರನ್ನು ನೀಳ್ಳು ಎನ್ನುವಳು, ತೆಲುಗಿನಂತೆ ಅದನ್ನು ಬಹುವಚನ ಮಾಡಿ, "ನೀಳ್ಳು ಕಾದಾವ್ರಿ, ಜಳಕಕ್ಕ ಏಳ್ರಿ" ಎಂದು ಅತ್ತೆಯನ್ನು ಕರೆಯುವಳು. ಪೋಚಮ್ಮ ಸೆರಗು ಬಾಯಿಗೆ ಹಚ್ಚಿ ನಗುತ್ತಿದ್ದಳು. ಹನುಮಮ್ಮ ಗಂಭೀರವಾಗಿ ತಿದ್ದುತ್ತಿದ್ದಳು, ಆಮೇಲೆ ಓಣಿಯ ತುಂಬ ತಿರುಗಿ, ನಮ್ಮ ಅನೂ ಇವತ್ತು ಏನಂದಳು ಗೊತ್ತೇನು ಎಂದು ಹೇಳಿಕೊಂಡು ಬರುತ್ತಿದ್ದಳು. ಆಕೆಗೆ ಆ ಹುಡುಗಿಯ ಮೇಲೆ ಜೀವ. ತೋರಿಸಿಕೊಳ್ಳುವ ಜಾತಿಯ ಹೆಂಗಸಲ್ಲ ಅಷ್ಟೇ.

ಅನುರಾಧಾಗೆ ಹೈದರಾಬಾದಿನ ಒಂದು ಸಣ್ಣ ಕಂಪನಿಯವರು ಮನೆಯಿಂದಲೇ ಮಾಡುವ ಕೆಲಸ ಕೊಡುವುದಾಗಿ ಹೇಳಿದ್ದರು. ನಾರಾಯಣಪೇಟೆ, ಗದ್ವಾಲದ ಸೀರೆ ನೇಯುವವರಿಗೆ ವೆಬ್‌ಸೈಟು ಮಾಡಿಕೊಡುವ ಕಂಪನಿ. ಅಲ್ಲಿಯ ಮಾಧವಿ ಎಂಬಾಕೆ ಪರೀಕ್ಷೆಗೆಂದು ಒಂದು ಕೆಲಸ ಒಪ್ಪಿಸಿದ್ದಳು: ನೇಕಾರರು ಕಳಿಸಿದ ಸೀರೆಯ ಫೋಟೋಗಳ ರಾಶಿಯನ್ನು ಕಂಪನಿಯದೇ ಪ್ರೋಗ್ರಾಮುಗಳಿಂದ ವಿಂಗಡಿಸಿ ಕಳಿಸಬೇಕು. ನಡುಮನೆಯ ಕಿಟಕಿಯ ಹತ್ತಿರ ಮೇಜು ಬಂತು, ಮೇಜಿನ ಮೇಲೆ ನರೇಂದ್ರ ಎಲ್ಲಿಂದಲೋ ಅಗ್ಗಕ್ಕೆ ತಂದ ಹಳೆಯ ಲ್ಯಾಪ್‌ಟಾಪ್ ಬಂತು. ಮಾಧವಿಯೊಡನೆ ಫೋನಿನಲ್ಲಿ ಆಡುವ ತೆಲುಗಿಗೆ ಹನುಮಮ್ಮನ ಅಡ್ಡಿ ಇರಲಿಲ್ಲ. ಫೋನಿನ ಮಾತು ಹೊಸ್ತಿಲಾಚೆಯದು ಎಂದು ಆಕೆ ತೀರ್ಪು ಕೊಟ್ಟಿದ್ದಳು.

ಬೇಸಿಗೆಯ ಒಂದು ಮಧ್ಯಾಹ್ನ ಮರಿಕಲ್‌ನಿಂದ ಹನುಮಮ್ಮನ ಅಣ್ಣ ಸಾಯಣ್ಣ ಬಂದ. ಬೇವಿನ ನೆರಳಿಗೆ ಮಂಚ ಎಳೆದುಕೊಂಡು ಅಣ್ಣ, ತಂಗಿ, ಹನುಮಂತು ಮೂವರೂ ಕೂತರು. ನರೇಂದ್ರ ಅಂಗಡಿಯಲ್ಲಿದ್ದ. ಮಾತು ಆಶಪ್ಪನ ಹೆಸರಿನಲ್ಲೇ ಉಳಿದಿದ್ದ ಮೇಲಿನ ಹೊಲಕ್ಕೆ ಬಂತು. ಪಟ್ಟಾ ಯಾರ ಹೆಸರಿಗೆ ಮಾಡಿಸುತ್ತೀರಿ, ಇಬ್ಬರದೂ ಕೂಡಿಸಿಯೋ, ಬೇರೆ ಬೇರೆಯೋ ಎಂದು ಸಾಯಣ್ಣ ಕೇಳಿದ. ಬೇರೆ ಎಂಬ ಮಾತೇ ಈ ಮನೆಯಲ್ಲಿ ಎತ್ತಬೇಡ ಎಂದು ಹನುಮಮ್ಮ ಅವನ ಬಾಯಿ ಮುಚ್ಚಿಸುತ್ತಿದ್ದಳು. ಸರಿಯಾಗಿ ಆಗ ಅನುರಾಧಾ ಬಾಗಿಲಿಗೆ ಬಂದು ನಿಂತಳು. ಒಳಗೇ ನಿಂತು ಜೋಡಿಸಿಕೊಂಡು ಬಂದಿದ್ದ ಕನ್ನಡವನ್ನು ಒಂದೂ ತಪ್ಪದೆ ಒಪ್ಪಿಸಿದಳು.

"ಅತ್ತೀ, ನಮ್ಮ ಪಾಲು ಇನ್ನಾ ಬರಲಿಲ್ರಿ. ಎಲ್ಲಾರೂ ಅದೀರಿ, ಈಗ ಬಂದ್ರ ಚಲೋ ಇತ್ತು. ತಡ ಆದ್ರ ಒಡೀತಾವ್ರಿ."

ಸಾಯಣ್ಣ ಹೆಗಲ ಮೇಲಿನ ಟವಲ್ಲನ್ನು ಸುಮ್ಮನೆ ಸರಿಮಾಡಿಕೊಂಡ. ಹನುಮಂತು ನೆಲ ನೋಡಿದ. ಅಣ್ಣನ ಮುಂದೆ ಸೊಸೆಯ ಮೇಲೆ ಹರಿಹಾಯುವ ಹೆಂಗಸಲ್ಲ ಹನುಮಮ್ಮ. ದನಿ ಏರಿಸದೆ, "ಬರ್ತೈತಿ ತಗೋವ್ವ, ಎಲ್ಲಿಗಿ ಹೋಗ್ತೈತಿ" ಎಂದಳು. ಹುಡುಗಿ ಖುಷಿಯಾಗಿ ತಲೆಯಾಡಿಸಿ ಒಳಗೆ ಹೋದಳು.

ಓದುವವರಿಗೆ ಈಗಲೇ ಹೇಳಿಬಿಡುವುದು ಒಳ್ಳೆಯದು. ತೆಲುಗಿನಲ್ಲಿ ಪಾಲು ಎಂದರೆ ಹಾಲು. ಹಾಲು ತರುವ ಕಿಷ್ಟಮ್ಮ ಆ ದಿನ ಬಂದಿರಲಿಲ್ಲ, ನೆಂಟರಿಗೆ ಚಹಾ ಮಾಡಬೇಕು, ಬಿಸಿಲಿಗೆ ತಡವಾದರೆ ಹಾಲು ಒಡೆಯುತ್ತದೆ. ಹುಡುಗಿ ಹೇಳಿದ್ದು ಇಷ್ಟೇ. ಒಡೆಯುವುದು ಎಂಬ ಕನ್ನಡ ಕ್ರಿಯಾಪದವನ್ನು ಹಿಂದಿನ ದಿನವಷ್ಟೇ ಪೋಚಮ್ಮನಿಂದ ಕಲಿತು, ಇವತ್ತು ಎಲ್ಲರ ಮುಂದೆ ಬಳಸಿ ತೋರಿಸಿದ್ದಳು. ಬೇವಿನ ಕೆಳಗೆ ಕೂತಿದ್ದ ಮೂವರಿಗೂ ತೆಲುಗು ನೀರು ಕುಡಿದಷ್ಟು ಸಲೀಸು. ಆದರೆ ಅವರ ಕಿವಿ ಆಗ ಕನ್ನಡದಲ್ಲಿ ಕೂತಿತ್ತು, ಅದರಲ್ಲೂ ಹೊಲದ ಮಾತಿನ ಮೇಲೆ ಕೂತಿತ್ತು. ಅವಳು ನೀಳ್ಳು ಎಂದಿದ್ದರೆ ತೆಲುಗು ಎಂದು ಹೊಳೆಯುತ್ತಿತ್ತು, ಆ ಮಾತು ಕನ್ನಡದಲ್ಲಿಲ್ಲ. ಪಾಲು ಕನ್ನಡದಲ್ಲೂ ಇದೆ, ಕೂಡಿದ ಮನೆಯಲ್ಲಿ ಅದಕ್ಕಿಂತ ಕೆಟ್ಟ ಮಾತಿಲ್ಲ. ಸ್ವಲ್ಪ ಹೊತ್ತಿಗೆ ಕಿಷ್ಟಮ್ಮ ಹಿತ್ತಲ ಬಾಗಿಲಿಂದ ಹಾಲು ಕೊಟ್ಟು ಹೋದಳು, ಚಹಾ ಬಂತು. ಸಾಯಣ್ಣ ಅದನ್ನು ಕಷಾಯ ಕುಡಿದಂತೆ ಕುಡಿದ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ.

ಅವತ್ತಿನಿಂದ ಹನುಮಮ್ಮನಿಗೆ ಅನ್ನ ಸೇರಲಿಲ್ಲ. ಗದ್ದಲ ಮಾಡಿದ್ದರೆ ಹೊಟ್ಟೆ ಹಗುರಾಗುತ್ತಿತ್ತೋ ಏನೋ, ಆಕೆ ತುಟಿ ಪಿಟಕ್ಕೆನ್ನಲಿಲ್ಲ. ಅನೂ ಎಂದು ಕರೆಯುವುದು ನಿಂತಿತು. ಏನಾದರೂ ಬೇಕಾದರೆ ಪೋಚಮ್ಮನ ಕೈಯಲ್ಲಿ ಹೇಳಿ ಕಳಿಸುವಳು. ಹುಡುಗಿಯ ಕನ್ನಡ ತಿದ್ದುವುದೂ ನಿಂತಿತು. ನಿನ್ನ ಹೆಂಡತಿಯ ಮನಸ್ಸಿನಲ್ಲಿ ಏನಿದೆ ಎಂದು ನರೇಂದ್ರನನ್ನು ಒಮ್ಮೆ ಸುತ್ತಿ ಬಳಸಿ ಕೇಳಿ ನೋಡಿದಳು. ಅವನು, ಕಂಪ್ಯೂಟರಿನ ಕೆಲಸ ಕೂಡುತ್ತಿಲ್ಲ, ಅದೇ ಚಿಂತೆ ಎಂದ. ಮಗ ಮುಚ್ಚಿಡುತ್ತಿದ್ದಾನೆ ಎಂದುಕೊಂಡಳು. ಸೊಸೆಯನ್ನೇ ನೇರವಾಗಿ ಕೇಳಬಹುದಿತ್ತು. ಕೇಳಿದರೆ, ಹೌದು ಎಂದುಬಿಟ್ಟರೆ? ಆ ಹೌದು ಕೇಳುವ ಧೈರ್ಯ ಆಕೆಗೆ ಇರಲಿಲ್ಲ.

ಅನುರಾಧಾಗೂ ಮನೆಯ ಗಾಳಿ ಬದಲಾದದ್ದು ಗೊತ್ತಾಗಿತ್ತು, ಕಾರಣ ಗೊತ್ತಿರಲಿಲ್ಲ. ತನ್ನ ಕನ್ನಡವೇ ತಪ್ಪಾಗಿ ಅತ್ತೆಗೆ ಬೇಸರವಾಗಿದೆ ಎಂದುಕೊಂಡು ಅವಳು ಮಾತನ್ನೇ ಕಡಿಮೆ ಮಾಡಿದಳು. ಹುಡುಗಿ ಸುಮ್ಮನಾದಷ್ಟೂ ಹನುಮಮ್ಮನಿಗೆ ಅನುಮಾನ ಗಟ್ಟಿಯಾಯಿತು.

ಕೊನೆಗೆ ಆಕೆ ಒಂದು ತೀರ್ಮಾನಕ್ಕೆ ಬಂದಳು. ಇನ್ನೊಮ್ಮೆ ಬಾಯಿ ಬಿಟ್ಟು ಕೇಳಿಸಿಕೊಳ್ಳುವುದಕ್ಕಿಂತ ತಾನೇ ಕೈಯಾರೆ ಕೊಟ್ಟುಬಿಡುವುದು. ಭಾನುವಾರ ಬಾ, ಹಂಚಿಕೆ ಮುಗಿಸೋಣ ಎಂದು ಸಾಯಣ್ಣನಿಗೆ ಫೋನು ಮಾಡಿದಳು. ಹನುಮಂತುವಿಗೆ, ಪೋಚಮ್ಮನಿಗೆ ಹೇಳಿದಳು. ಹನುಮಂತು ಕುರಿ ಹಟ್ಟಿಗೆ ಹೋಗಿ ಕೂತವನು ಊಟಕ್ಕೆ ಕರೆದರೂ ಬರಲಿಲ್ಲ. ಪೋಚಮ್ಮ ರೊಟ್ಟಿ ಬಡಿಯುತ್ತ ಅತ್ತಳು. ನರೇಂದ್ರನಿಗೂ ಅವನ ಹೆಂಡತಿಗೂ ಹನುಮಮ್ಮ ಏನೂ ಹೇಳಲಿಲ್ಲ. ಕೇಳಿದವರಿಗೆ ತಿಳಿಸುವುದೇನಿದೆ ಎಂಬ ಬಿಗುಮಾನ. ಯಾವ ಹೊಲ ಯಾರಿಗೆ, ಕುರಿ ಹೇಗೆ, ಮನೆ ಹೇಗೆ ಎಂದು ಮನಸ್ಸಿನಲ್ಲೇ ಪಾಲು ಮಾಡುತ್ತ ಹೋದಂತೆ ಕಡೆಗೆ ತಾನೊಬ್ಬಳು ಉಳಿದಳು. ಮುದುಕಿಯನ್ನು ಯಾರ ಲೆಕ್ಕಕ್ಕೆ ಬರೆಯುವುದು? ದೊಡ್ಡವನ ಮನೆಯ ಮೂಲೆಯಲ್ಲಿ ಬಿದ್ದಿರುತ್ತೇನೆ, ಬೇಡ ಎನ್ನಲಾರರು ಎಂದುಕೊಂಡಾಗ ಹನುಮಮ್ಮನಿಗೆ ತನ್ನ ಮೇಲೆ ತನಗೇ ಮರುಕ ಬಂತು.

ಭಾನುವಾರ ಬಂತು. ಸಾಯಣ್ಣ ಮರಿಕಲ್‌ನಲ್ಲಿ ಬಸ್ಸು ಹತ್ತಿದ ಸುದ್ದಿಯೂ ಬಂತು. ಹನುಮಮ್ಮ ನಡುಮನೆಯ ಕಂಬಕ್ಕೆ ಒರಗಿ ಕಂಬಳಿಯ ಉಣ್ಣೆ ನೂಲುತ್ತ ಕೂತಿದ್ದಳು. ಕೈಯಲ್ಲಿ ಕದಿರು ತಿರುಗುತ್ತಿತ್ತು, ಕಣ್ಣು ಬಾಗಿಲ ಕಡೆಗಿತ್ತು. ಕಿಟಕಿಯ ಹತ್ತಿರ ಅನುರಾಧಾ ಕಂಪ್ಯೂಟರಿನ ಮುಂದೆ. ಬೆಳಿಗ್ಗೆಯಿಂದ ಅಲ್ಲೇ ಕೂತವಳು, ಟಕಟಕ ಒತ್ತುವುದು, ನೋಡುವುದು, ಹಣೆ ಹಿಡಿದುಕೊಳ್ಳುವುದು. ಸೋಮವಾರ ಬೆಳಿಗ್ಗೆಯೊಳಗೆ ಮಾಧವಿಗೆ ಫೋಟೋಗಳು ಮುಟ್ಟಬೇಕಿತ್ತು. ಹನುಮಮ್ಮ ಆ ಕಡೆ ನೋಡಬಾರದು ಎಂದುಕೊಂಡಿದ್ದಳು, ಆದರೆ ಹುಡುಗಿ ಸದ್ದಿಲ್ಲದೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಕಂಡುಬಿಟ್ಟಿತು. ಕಂಡ ಮೇಲೆ ಸುಮ್ಮನಿರುವುದು ಆಕೆಯಿಂದ ಆಗಲಿಲ್ಲ.

"ಏನಂತೈತಿ ಅದು?" ಎಂದಳು. ಎಷ್ಟೋ ದಿನಗಳ ಮೇಲೆ ಆಡಿದ ಮೊದಲ ನೇರ ಮಾತು.

"ನನ್ನ ಮಾತು ಸರಿ ಇಲ್ಲಂತ್ರಿ" ಎಂದಳು ಅನುರಾಧಾ.

ಹನುಮಮ್ಮನಿಗೆ ಎಲ್ಲೋ ಚುಚ್ಚಿತು. ಕದಿರು ಕೆಳಗಿಟ್ಟು ಎದ್ದುಹೋಗಿ ಕುರ್ಚಿಯ ಹಿಂದೆ ನಿಂತಳು. ಹುಡುಗಿಗೆ ಅಷ್ಟೇ ಸಾಕಾಯಿತು, ತನ್ನ ಕಷ್ಟವನ್ನೆಲ್ಲ ತೋಡಿಕೊಂಡಳು. ಅವಳ ಅರೆಬರೆ ಕನ್ನಡದಲ್ಲಿ ಹನುಮಮ್ಮನಿಗೆ ತಿಳಿದದ್ದು ಇಷ್ಟು. ಕೋಡ್ ಬರೆಯುವ ಈ ಎಡಿಟರಿನ ಕೆಳಗಡೆ ಒಂದು ಕಿಟಕಿ ಇದೆ, ಟರ್ಮಿನಲ್ ಎನ್ನುತ್ತಾರೆ. ಅದರಲ್ಲಿ ಒಂದು ಮಾತು ಟೈಪು ಮಾಡಿದರೆ ಕಂಪ್ಯೂಟರು ಆ ಕೆಲಸ ಮಾಡಿಕೊಡಬೇಕು. ಕಿಟಕಿ ಒಂದೇ, ಆದರೆ ಅದರ ಹಿಂದೆ ಕೂತು ಮಾತು ಕೇಳುವವರನ್ನು ಬದಲಾಯಿಸಬಹುದು, ಹಾಗೆ ಕೇಳುವವರಿಗೆ ಶೆಲ್ ಎಂದು ಹೆಸರು. ವಿಂಡೋಸಿನ ಕಂಪ್ಯೂಟರು ತನ್ನದೇ ಶೆಲ್ ಒಂದನ್ನು ಅಲ್ಲಿ ಕೂರಿಸಿಬಿಟ್ಟಿರುತ್ತದೆ. ಕಂಪನಿಯ ಪ್ರೋಗ್ರಾಮುಗಳು ಬರೆದಿರುವುದು ಮಾತ್ರ ಇನ್ನೊಂದು ಶೆಲ್ಲಿಗೆ, ಯುನಿಕ್ಸ್ ಮನೆತನದ್ದು, ಅದರ ಹೆಸರು ಬ್ಯಾಷ್.

"ಬಾಸಿ?" ಎಂದಳು ಹನುಮಮ್ಮ. ಆಕೆಯ ಬಾಯಲ್ಲಿ ಭಾಷೆ ಎಂಬುದು ಬಾಸಿ.

ಅನುರಾಧಾ ಅಳುಮುಖದಲ್ಲೇ ನಕ್ಕುಬಿಟ್ಟಳು. ಹೌದು, ಬಾಸಿಯೇ ಎಂದುಕೊಳ್ಳಿ ಎಂದಳು. ಫೈಂಡ್ ಎಂಬ ಒಂದು ಮಾತು ಟೈಪು ಮಾಡಿ ತೋರಿಸಿದಳು. ಹುಡುಕು ಎಂದು ಅದರ ಅರ್ಥವಂತೆ. ಈ ಫೋಲ್ಡರಿನಲ್ಲಿ ಇರುವ ಫೋಟೋಗಳನ್ನೆಲ್ಲ ಹುಡುಕಿ ಕೊಡು ಎಂದು ಅವಳು ಕೇಳುತ್ತಿದ್ದಾಳೆ. ವಿಂಡೋಸಿನವನೂ ಫೈಂಡ್ ಬಲ್ಲ, ಆದರೆ ಅವನ ಪ್ರಕಾರ ಅದು ಒಂದು ಫೈಲಿನ ಒಳಗೆ ಬರೆದಿರುವ ಅಕ್ಷರ ಹುಡುಕುವ ಮಾತು. ಹಾಗಾಗಿ ಪ್ರತಿ ಸಲವೂ ಒಂದೇ ಸಾಲು ಎಸೆಯುತ್ತಾನೆ, ಕೇಳಿದ ರೀತಿ ಸರಿಯಿಲ್ಲ ಎಂದು.

ಬದಲಾಯಿಸಿಬಿಡು ಮತ್ತೆ, ಅದಕ್ಕೇನು ಅಳುವುದು ಎಂದಳು ಹನುಮಮ್ಮ. ಅದನ್ನೇ ಇಷ್ಟು ದಿನದಿಂದ ಮಾಡುತ್ತಿದ್ದೇನೆ ಎಂದಳು ಹುಡುಗಿ. ಎಡಿಟರಿನಲ್ಲಿ ಯಾರನ್ನು ಕೂರಿಸಲಿ ಎಂದು ಕೇಳುವ ಪಟ್ಟಿಯೊಂದಿದೆ, ಆರಿಸಿದರೆ ಮುಗಿಯಿತು. ಆದರೆ ಸಿ ಡ್ರೈವಿನಲ್ಲಿ ಜಾಗ ಇಲ್ಲವೆಂದು ಅವಳು ಬ್ಯಾಷನ್ನು ತಂದು ಡಿ ಡ್ರೈವಿನಲ್ಲಿ ಇಳಿಸಿದ್ದಳು. ಬೇರೆ ಓಣಿಯಲ್ಲಿ ಮನೆ ಮಾಡಿದವನನ್ನು ಆ ಪಟ್ಟಿ ಗುರುತೇ ಹಿಡಿಯಲಿಲ್ಲ. ಸೆಟ್ಟಿಂಗ್ಸ್ ಫೈಲಿನಲ್ಲಿ ತಾನೇ ವಿಳಾಸ ಬರೆದಳು. ಬ್ಯಾಷ್ ಬಂತು, ಬಂದದ್ದು ಮಾತ್ರ ಎಡಿಟರಿನ ಒಳಗಲ್ಲ. ಹೊರಗೆ ತನ್ನದೇ ಬೇರೆ ಕಿಟಕಿ ತೆರೆದುಕೊಂಡು ನಿಂತಿತು. ಎಷ್ಟು ಕರೆದರೂ ಒಳಗೆ ಬರಲೊಲ್ಲದು.

ಹೊರಗೆ ಬೇರೆ ನಿಲ್ಲುವ ಮಾತು ಕೇಳಿ ಹನುಮಮ್ಮನಿಗೆ ತನ್ನ ಮನೆಯ ಹಂಚಿಕೆಯೇ ನೆನಪಾಯಿತು. ಆ ಹೈದರಾಬಾದಿನಾಕೆಯನ್ನು ಕೇಳು, ನಾಚಿಕೆ ಮಾಡಬೇಡ ಎಂದಳು. ಗೊತ್ತಿಲ್ಲ ಎಂದರೆ ಕೆಲಸ ಹೋಗುತ್ತದೆ ಎಂದು ಹೆದರಿ ಅನುರಾಧಾ ಇಷ್ಟು ದಿನ ಕೇಳಿರಲೇ ಇಲ್ಲ. ಈಗ ಅತ್ತೆ ಬೆನ್ನ ಹಿಂದೆ ನಿಂತಿದ್ದಾಳೆಂಬ ಧೈರ್ಯಕ್ಕೆ ಫೋನು ಹಚ್ಚಿದಳು. ಮಾಧವಿ ಬೈಯಲಿಲ್ಲ, ನಕ್ಕಳು. ಮೊದಲ ಸಲ ಎಲ್ಲರೂ ಮಾಡುವ ತಪ್ಪು ಇದು ಎಂದಳು. ಗಿಟ್‌ಬ್ಯಾಷ್ ಎಂಬ ಹೆಸರಿನ ಫೈಲು ಹೊರಗಿನ ಕಿಟಕಿ ತೆರೆಯುವುದಕ್ಕೇ ಇರುವಂಥದ್ದು, ಅದರ ವಿಳಾಸ ಕೊಡಬಾರದು. ಒಳಗೆ ಬಿನ್ ಎಂಬ ಫೋಲ್ಡರಿದೆ, ಅದರಲ್ಲಿ ಬರೀ ಬ್ಯಾಷ್ ಎಂಬ ಫೈಲಿದೆ, ಅದರ ವಿಳಾಸ ಕೊಡು. ವಿಳಾಸದಲ್ಲಿ ಬರುವ ಓರೆಗೆರೆಗಳನ್ನು ಎರಡೆರಡು ಬರೆ, ಒಂದೇ ಬರೆದರೆ ಸೆಟ್ಟಿಂಗ್ಸ್ ಫೈಲು ತಪ್ಪು ಓದುತ್ತದೆ. ಡಿಫಾಲ್ಟ್ ಎಂಬಲ್ಲಿ ನೀನು ಇಟ್ಟ ಹೆಸರನ್ನೇ ಬರೆ, ಇನ್ನು ಮೇಲೆ ಯಾವಾಗ ಕಿಟಕಿ ತೆರೆದರೂ ಅವನೇ ಬರುತ್ತಾನೆ.

ಅನುರಾಧಾ ಬರೆದಳು, ಉಳಿಸಿದಳು, ಫೈಂಡ್ ಎಂದು ಒತ್ತಿದಳು. ಮತ್ತೆ ಅದೇ ಹಳೆಯ ಸಾಲು. ಹನುಮಮ್ಮ ಹಲ್ಲು ಕಡಿದಳು. ಹುಡುಗಿಗೆ ತಟ್ಟನೆ ಹೊಳೆಯಿತು: ಮೊದಲೇ ತೆರೆದಿದ್ದ ಕಿಟಕಿಯ ಹಿಂದೆ ಹಳಬನೇ ಕೂತಿರುತ್ತಾನೆ, ಹೊಸಬ ಬರಬೇಕಾದರೆ ಅದನ್ನು ಮುಚ್ಚಿ ಹೊಸದು ತೆರೆಯಬೇಕು. ಮುಚ್ಚಿದಳು, ತೆರೆದಳು. ಎಡಿಟರಿನ ಒಳಗೇ, ಕೆಳಗಡೆ, ಬ್ಯಾಷ್ ಬಂದು ಕೂತದ್ದಕ್ಕೆ ಸಾಕ್ಷಿಯಾಗಿ ಒಂದು ಡಾಲರ್ ಗುರುತು ಮಿನುಗುತ್ತ ಕಾಯುತ್ತಿತ್ತು. ಅದೇ ಮಾತನ್ನು ಅಲ್ಲಿ ಒತ್ತಿದಳು. ಫೋಟೋಗಳ ಹೆಸರು ಸಾಲುಸಾಲಾಗಿ ಸುರಿಯತೊಡಗಿದವು, ಗದ್ವಾಲದ ಜರಿ ಅಂಚಿನವು, ನಾರಾಯಣಪೇಟೆಯ ಚೌಕಡಿಯವು, ನಿಲ್ಲುವ ಲಕ್ಷಣವೇ ಇಲ್ಲ.

ಹುಡುಗಿ ಎರಡೂ ಕೈಯಿಂದ ಅತ್ತೆಯ ಕೈ ಹಿಡಿದುಕೊಂಡಳು. "ಅದೇ ಮಾತ್ರಿ ಅತ್ತೀ. ಒಂದಕ್ಷರ ಸುದ್ದಾ ತಿದ್ದಿಲ್ಲ. ಕೇಳಾಕ ಕುಂತವ್ರು ಬ್ಯಾರೆ ಆದ್ರು, ಅಷ್ಟೇ."

ಹನುಮಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಆ ಕೈ ಹಿಡಿದಿದ್ದ ರೀತಿಯಲ್ಲಿ ಕಪಟ ಇರಲಿಲ್ಲ, ಅದು ಆಕೆಗೆ ತಿಳಿಯುತ್ತಿತ್ತು, ಅದಕ್ಕೇ ಸಂಕಟ ಇನ್ನೂ ಹೆಚ್ಚಾಯಿತು. ಇಂಥವಳು ಹಾಗೆ ಹೇಗೆ ಕೇಳಿದಳು? ಅನುರಾಧಾ ಅಷ್ಟರಲ್ಲಿ ಹಗುರಾಗಿ ಎದ್ದು ಅಡುಗೆಮನೆಯ ಕಡೆ ಹೊರಟಿದ್ದಳು.

"ಚಾ ಮಾಡ್ತೀನ್ರಿ ಅತ್ತೀ. ಪಾಲು ಬಂದಾವೇನು ನೋಡ್ತೀನಿ."

"ಏನು ಬಂದಾವ?"

"ಪಾಲ್ರಿ. ಕಿಷ್ಟಮ್ಮ ತರ್ತಾಳಲ್ರಿ, ಎಮ್ಮಿವು."

ಹನುಮಮ್ಮ ಮೇಜನ್ನು ಹಿಡಿದುಕೊಂಡು ನಿಂತಳು. ಬೇವಿನ ನೆರಳು, ಬಾಗಿಲಲ್ಲಿ ನಿಂತ ಹುಡುಗಿ, ನಮ್ಮ ಪಾಲು ಇನ್ನೂ ಬರಲಿಲ್ಲ, ತಡವಾದರೆ ಒಡೆಯುತ್ತವೆ. ಎಲ್ಲ ಮಾತೂ ಒಂದೊಂದಾಗಿ ತಿರುಗಿ ಬಂದವು, ಈ ಸಲ ತೆಲುಗಿನಲ್ಲಿ ಬಂದವು. ಹಾಲು ಕೇಳಿದ್ದಳು. ನೆಂಟರಿಗೆ ಚಹಾ ಮಾಡಲು ಹಾಲು ಕೇಳಿದ್ದಳು, ಅದಕ್ಕೆ ತಾನು ಮನೆಯನ್ನೇ ಒಡೆದು ಕೊಡಲು ಹೊರಟಿದ್ದಳು. ಸಂತೆಯಲ್ಲಿ ವಾರವಾರವೂ ಪಾಲು ಎಂದರೆ ಹಾಲು ಎಂದು ಕೇಳಿಸಿಕೊಳ್ಳುವ ಈ ಕಿವಿಗೆ ಮನೆಯಲ್ಲಿ ಏನು ಬಡಿದಿತ್ತು? ಹನುಮಮ್ಮನಿಗೆ ಮೊದಲು ನಗು ಬಂತು. ನಗುತ್ತ ನಗುತ್ತ ಅದು ಅಳುವಾಯಿತು. ಒಂದು ಮಾತು ಕೇಳದೆ ಇಷ್ಟು ದಿನ ಆ ಹುಡುಗಿಯ ಹೆಸರು ಹಿಡಿದು ಕರೆಯಲಿಲ್ಲವಲ್ಲ ಎಂದು ನಾಚಿಕೆಯಿಂದ ಆಕೆಗೆ ನೆಲಕ್ಕಿಳಿದು ಹೋಗುವಂತಾಯಿತು.

ಸಾಯಣ್ಣ ಒಳಗೆ ಬಂದದ್ದು ಆ ಹೊತ್ತಿಗೆ. ಹನುಮಂತು ಅವನ ಹಿಂದೆ ತಲೆ ತಗ್ಗಿಸಿಕೊಂಡು ಬಂದ. ಅಣ್ಣ ಕರೆದನೆಂದು ನರೇಂದ್ರ ಅಂಗಡಿ ಮುಚ್ಚಿ ಬಂದಿದ್ದ, ಏಕೆಂದು ಅವನಿಗೆ ಗೊತ್ತಿರಲಿಲ್ಲ. ಹಂಚಿಕೆಯ ದಿನ ಮನೆಯ ಯಜಮಾನಿ ಮೇಜು ಹಿಡಿದು ನಗುತ್ತ ಅಳುತ್ತ ನಿಂತದ್ದು ಕಂಡು ಸಾಯಣ್ಣ ಗಾಬರಿಯಾದ. ಹನುಮಮ್ಮ ಎಲ್ಲರನ್ನೂ ಕೂರಿಸಿ, ಅಡುಗೆಮನೆಯಿಂದ ಅನುರಾಧಾಳನ್ನೂ ಕರೆಸಿ, ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ತಾನು ಕೇಳಿಸಿಕೊಂಡದ್ದು, ತೀರ್ಮಾನ ಮಾಡಿದ್ದು, ಅಣ್ಣನನ್ನು ಕರೆಸಿದ್ದು. ತಪ್ಪು ನನ್ನದು ಎಂದು ಮಕ್ಕಳ ಮುಂದೆ ಆಕೆ ಹೇಳಿದ್ದು ಅದೇ ಮೊದಲು. ಹನುಮಂತು ಬಿಸಿಲಲ್ಲಿ ನಡೆದು ಬಂದು ನೀರು ಕುಡಿದವನಂತೆ ಉಸಿರುಬಿಟ್ಟ. ನರೇಂದ್ರ ಬಿದ್ದು ಬಿದ್ದು ನಕ್ಕ.

ಅನುರಾಧಾ ನಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. "ಅದಕ್ಕ ನೀವು ನನ್ನ ಕರ್ಯಾದು ಬಿಟ್ಟಿದ್ರೇನ್ರಿ?" ಎಂದಳು, ಕಣ್ಣು ತುಂಬಿ ಬಂತು. ಹನುಮಮ್ಮ "ಬಾ ಅನೂ" ಎಂದು ಮಾತ್ರ ಹೇಳಿ ಹತ್ತಿರ ಕೂರಿಸಿಕೊಂಡಳು.

ಸಾಯಣ್ಣನಿಗೆ ಇದೆಲ್ಲ ಸಾಕಾಯಿತು. ಬಿಸಿಲಲ್ಲಿ ಬಸ್ಸಿನಲ್ಲಿ ನಿಂತುಕೊಂಡು ಬಂದಿದ್ದೇನೆ, ಕೈಬೀಸಿಕೊಂಡು ಹೋಗುವುದಿಲ್ಲ, ಏನಾದರೂ ಒಂದು ಹಂಚಿಯೇ ಹೋಗುತ್ತೇನೆ ಎಂದು ರೇಗಿದಂತೆ ಮಾಡಿದ. ಹುಡುಗಿಯ ಕಡೆ ತಿರುಗಿ, ಪಾಲು ಕೇಳಿದವಳು ನೀನೇ ಅಲ್ಲವೇ, ಮೇಲಿನ ಹೊಲ ಬೇಕೋ, ಕುರಿ ಬೇಕೋ, ನಾಚಿಕೊಳ್ಳದೆ ಹೇಳು ಎಂದು ಕೆಣಕಿದ. ಎಲ್ಲರೂ ನಕ್ಕರು. ಅನುರಾಧಾ ಅದನ್ನು ತಮಾಷೆ ಎಂದು ತೆಗೆದುಕೊಳ್ಳಲಿಲ್ಲ. ಕಣ್ಣೊರೆಸಿಕೊಂಡು, ಒಂದು ಕ್ಷಣ ತಡೆದು, ಮನಸ್ಸಿನಲ್ಲಿ ಕನ್ನಡ ಜೋಡಿಸಿಕೊಂಡಳು.

"ನನ್ನ ಪಾಲಿಗಿ ಅತ್ತಿ ಬರ್ಲಿರಿ. ಬ್ಯಾರೆ ಏನೂ ಬ್ಯಾಡ."

ನಗು ನಿಂತಿತು. ಈ ಸಲ ಆ ಮಾತು ಎಲ್ಲರಿಗೂ ಸರಿಯಾಗಿಯೇ ಕೇಳಿಸಿತ್ತು. ಅಷ್ಟರಲ್ಲಿ ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಪೋಚಮ್ಮ ಅಡುಗೆಮನೆಯ ಬಾಗಿಲಲ್ಲಿ ಕಾಣಿಸಿಕೊಂಡಳು, ಕೈಯೆಲ್ಲ ಜೋಳದ ಹಿಟ್ಟು, ಮುಖ ಕೆಂಪಗಾಗಿತ್ತು.

"ಅಕಿ ಎಷ್ಟು ಚಂದ ಕೇಳಿದ್ರೂ ಅಷ್ಟೇ ಮಾಮಾ. ಹೊಲ ಕುರಿ ಬೇಕಾದ್ರ ಎಲ್ಲಾ ಅಕಿಗೇ ಬರೀರಿ. ಅತ್ತಿನ ಮಾತ್ರ ನಾ ಬಿಡಂಗಿಲ್ಲ."

ಅನುರಾಧಾ ಅತ್ತೆಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ವಾರಗಿತ್ತಿಯನ್ನೇ ನೋಡಿದಳು. ಪೋಚಮ್ಮನೂ ಕಣ್ಣು ಕೀಳಲಿಲ್ಲ. ಸಾಯಣ್ಣ ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ, ಇದು ಬಗೆಹರಿಯುವ ವ್ಯಾಜ್ಯವಲ್ಲ, ಈ ಮನೆ ಹೀಗೆಯೇ ಇರಲಿ ಎಂದು ತೀರ್ಪು ಕೊಟ್ಟ. ಹನುಮಮ್ಮ ಇಬ್ಬರು ಸೊಸೆಯರಿಗೂ ನಾಚಿಕೆಯಿಲ್ಲವೇ ಎಂದು ಬೈಯುತ್ತಿದ್ದಳು. ಬೈಯುತ್ತಿದ್ದರೂ ಆಕೆಯ ಕಣ್ಣೀರು ನಿಲ್ಲಲಿಲ್ಲ, ಒರೆಸಿಕೊಳ್ಳುವುದಕ್ಕೂ ಆಕೆ ಹೋಗಲಿಲ್ಲ.